ಮುಧೋಳದ ಬೇಟೆನಾಯಿ: ತಳಿಯ ಮೂಲವನ್ನು ಕುರಿತ ಕೆಲವು ವಿಚಾರಗಳು

ಬಾಗಲಕೋಟೆ ಜಿಲ್ಲೆಯ ಮುಧೋಳದ ಹೆಸರನ್ನು ಹೊತ್ತಿರುವ ಬೇಟೆನಾಯಿಯ ಮೂಲವನ್ನು ಕುರಿತು ಎರಡು ಬಗೆಯ ಅಭಿಪ್ರಾಯಗಳು ಕೇಳಿಬರುತ್ತವೆ. ಪಾರಸಿಕ, ಅರಬ್ಬೀ ಅಥವಾ ಮಧ್ಯ ಏಷ್ಯದ ನಾಡುಗಳಿಂದ ವರ್ತಕರ ತಂಡಗಳೊಡನೆಯೂ ಸೇನೆಗಳೊಡನೆಯೂ ಬಂದ ನಾಯಿಗಳ ಸಂತತಿಯಿದು ಎಂಬುದು ಒಂದು. ಇದು ಕನ್ನಡ ನಾಡಿನ ಅತಿ ಪ್ರಾಚೀನವಾದ ತಳಿ, ಆತಕೂರಿನ ಶಾಸನದಲ್ಲಿ ಹೆಸರಾದ ನಾಯಿಯೇ ಇದರ ಪೂರ್ವಿಕ ಎಂಬುದು ಇನ್ನೊಂದು. ಈ ಎರಡು ಹೇಳಿಕೆಗಳಿಗೂ ಇರುವ ಆಧಾರಗಳ ಬಲವೆಷ್ಟೆಂಬುದನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ‘ತಳಿ’ ಎಂಬ ಮಾತನ್ನೇ ಸ್ವಲ್ಪ ವಿಚಾರಿಸಬೇಕು. ಇಂದು ನಾವು ತಳಿಯೆಂದು ಕರೆಯುವುದು ಬಹುಮಟ್ಟಿಗೆ 19ನೆಯ ಶತಮಾನದ ಇಂಗ್ಲೆಂಡಿನಲ್ಲಿ ರೂಪುಗೊಂಡ ಕಲ್ಪನೆ. 1859ರಲ್ಲಿ ನ್ಯೂಕಾಸಲ್ ಪಟ್ಟಣದಲ್ಲಿ ನಾಯಿಗಳ ಸ್ಪರ್ಧಾ ಪ್ರದರ್ಶನ ನಡೆಯಿತು. 1873ರಲ್ಲಿ ಲಂಡನ್ನಿನಲ್ಲಿ ಕೆನ್ನೆಲ್ ಕ್ಲಬ್ ಸ್ಥಾಪಿತವಾಯಿತು. ತಂದೆತಾಯಿಗಳ ಹೆಸರನ್ನು ವಹಿಯಲ್ಲಿ ಬರೆದಿಡುವುದು, ಎತ್ತರ, ಬಣ್ಣ, ಕಿವಿಗಳ ಆಕಾರಕ್ಕೆ ಅಳತೆಗೋಲನ್ನು ನಿಗದಿಮಾಡುವುದು, ವಹಿಯ ಹೊರಗಿನ ಸಂಬಂಧವನ್ನು ನಿಷೇಧಿಸುವುದು, ಇವೆಲ್ಲ ಅಲ್ಲಿಂದೀಚಿನ ಪದ್ಧತಿಗಳು. ಅದಕ್ಕೆ ಹಿಂದೆ ಎಲ್ಲ ದೇಶಗಳಲ್ಲಿಯೂ ನಾಯಿಗಳನ್ನು ಅವು ಮಾಡುವ ಕೆಲಸದಿಂದ ಗುರುತಿಸುತ್ತಿದ್ದರೇ ಹೊರತು ವಂಶಾವಳಿಯಿಂದಲ್ಲ. ಹಂದಿಯನ್ನು ತಡೆಯುವ ನಾಯಿ, ಮೊಲವನ್ನು ಅಟ್ಟುವ ನಾಯಿ, ಹಟ್ಟಿಯನ್ನು ಕಾಯುವ ನಾಯಿ ಎಂಬ ಭೇದವೇ ಅಂದಿನ ತಳಿಭೇದ. ಇದನ್ನು ಮರೆತು ಸಾವಿರ ವರ್ಷಗಳ ಹಿಂದಿನ ನಾಯಿಗೆ ಇಂದಿನ ತಳಿಯ ಹೆಸರನ್ನು ಅಂಟಿಸುವುದು ಸರಿಯಲ್ಲ.

ಆತಕೂರಿನ ಶಾಸನವು ನಮ್ಮ ನಾಡಿನ ಶಾಸನಗಳಲ್ಲಿಯೇ ಅಪೂರ್ವವಾದುದು. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿದ್ದ ಈ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕ್ರಿ. ಶ. 949–50ರ ಕಾಲದ್ದು. ರಾಷ್ಟ್ರಕೂಟರ ಮುಮ್ಮಡಿ ಕೃಷ್ಣನಿಗೂ ಚೋಳ ರಾಜಾದಿತ್ಯನಿಗೂ ನಡೆದ ತಕ್ಕೋಲದ ಯುದ್ಧದಲ್ಲಿ ಗಂಗರ ಇಮ್ಮಡಿ ಬೂತುಗನು ಕೃಷ್ಣನ ಪಕ್ಷದಲ್ಲಿ ಹೋರಾಡಿದನು. ಅವನ ಸೇವಕನಾದ ಮಣಲೇರನು ಆ ಕಾಳಗದಲ್ಲಿ ಪರಾಕ್ರಮವನ್ನು ತೋರಲು, ಬೇಕಾದುದನ್ನು ಕೇಳೆಂದು ಒಡೆಯನು ಮೆಚ್ಚಿ ನುಡಿದನು. ಮಣಲೇರನು ಊರನ್ನು ಕೇಳಲಿಲ್ಲ, ಹೊನ್ನನ್ನು ಕೇಳಲಿಲ್ಲ. ಬೂತುಗನಲ್ಲಿದ್ದ ಕಾಳಿ ಎಂಬ ನಾಯಿಯನ್ನು ಕೇಳಿ ಪಡೆದನು. ಮುಂದೆ ಕೆಳಲೆನಾಡಿನ ಬೆಳತೂರ ಬಳಿಯ ಗುಡ್ಡದಲ್ಲಿ ಕಾಳಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಡಲಾಗಿ ಎರಡೂ ಒಟ್ಟಿಗೆ ಸತ್ತುವು. ಮಣಲೇರನು ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲನ್ನು ನಿಲ್ಲಿಸಿ, ಭೂಮಿಯನ್ನು ದತ್ತಿಬಿಟ್ಟನು. ಆ ಸ್ಥಾನದ ಗೊರವನು ಈ ಕಲ್ಲನ್ನು ಪೂಜಿಸದೆ ಉಂಡರೆ ಪಾಪಕ್ಕೆ ಗುರಿಯಾಗುವನೆಂದು ಶಾಸನವು ವಿಧಿಸುತ್ತದೆ. ಕಲ್ಲಿನ ಮೇಲ್ಭಾಗದಲ್ಲಿ ನಾಯಿಯೂ ಹಂದಿಯೂ ಎದುರುಬದುರಾಗಿ ಹೋರುವ ಚಿತ್ರವಿದೆ.

ನಾಯಿಗೆ ಯೋಧನ ಗೌರವವನ್ನಿತ್ತ ಸಮಾಜವೊಂದು ಇಲ್ಲಿ ಇತ್ತೆಂಬುದನ್ನು ಈ ಶಾಸನ ಸಂಶಯಕ್ಕೆಡೆಯಿಲ್ಲದಂತೆ ತಿಳಿಸುತ್ತದೆ. ಆದರೆ ಕಾಳಿಯ ಕೆಲಸ ಯಾವುದು? ಪೊದೆಯ ಗುಡ್ಡದಲ್ಲಿ ಹಂದಿಗೆ ಎದುರಾಗಿ ನಿಂತು ಕಚ್ಚಿ ಹಿಡಿಯುವುದು. ಮುಧೋಳದ ನಾಯಿಯ ಕೆಲಸ ಬಯಲಿನಲ್ಲಿ ಮೊಲವನ್ನೂ ಚಿಗರೆಯನ್ನೂ ಕಣ್ಣಿನಿಂದ ಕಂಡು ಓಡಿ ಹಿಡಿಯುವುದು. ಮೊದಲನೆಯದಕ್ಕೆ ತೂಕವೂ ದವಡೆಯ ಬಲವೂ ಬೇಕು. ಎರಡನೆಯದಕ್ಕೆ ಹಗುರವಾದ ಮೈ ಬೇಕು. ಆದುದರಿಂದ ಕಾಳಿಯನ್ನು ಮುಧೋಳದ ನಾಯಿಯ ಪೂರ್ವಿಕನನ್ನಾಗಿ ಮಾಡುವುದಕ್ಕೆ ಶಾಸನದಲ್ಲಿ ಅವಕಾಶವಿದೆಯೆಂದು ನಮಗೆ ತೋರುವುದಿಲ್ಲ. (ಮುಧೋಳವು ರನ್ನನ ಹುಟ್ಟೂರಾದ ಮುದುವೊಳಲು, ಕವಿಯ ಜನನವನ್ನು ವಿದ್ವಾಂಸರು 949ರಲ್ಲಿಯೇ ಇಡುತ್ತಾರೆ. ತಕ್ಕೋಲದ ಯುದ್ಧವೂ ಕವಿಯ ಹುಟ್ಟೂ ಒಂದೇ ವರ್ಷಕ್ಕೆ ಸೇರುವುದು ಸೊಗಸಾದ ಆಕಸ್ಮಿಕ, ಅದು ಪ್ರಮಾಣವಲ್ಲ.) ಕಲ್ಯಾಣದ ಚಾಳುಕ್ಯ ಮುಮ್ಮಡಿ ಸೋಮೇಶ್ವರನ ‘ಮಾನಸೋಲ್ಲಾಸ’ವು 12ನೆಯ ಶತಮಾನದ ಮೊದಲ ಭಾಗದ ಗ್ರಂಥ. ಅದರಲ್ಲಿ ನಾಯಿಗಳ ಬೇಟೆಗೆಂದೇ ಮೀಸಲಾದ ಒಂದು ಭಾಗವಿದೆ. ಅರಮನೆಯ ವಿನೋದಗಳಲ್ಲಿ ನಾಯಿಗೆ ಎಂತಹ ಸ್ಥಾನವಿತ್ತೆಂಬುದಕ್ಕೆ ಅದು ಸಾಕ್ಷಿ. ಒಂದು ನಿರ್ದಿಷ್ಟ ತಳಿಯ ವಂಶಚರಿತ್ರೆಗೆ ಅದೂ ಒದಗುವುದಿಲ್ಲ.

ಇನ್ನು ಹೊರನಾಡಿನ ಮೂಲದ ವಾದ. ಇದಕ್ಕೆ ಹೆಚ್ಚು ಬಲವಿದೆಯೆಂದು ಒಪ್ಪಬೇಕು. ಉದ್ದವಾಗಿ ಕಿರಿದಾದ ತಲೆ, ಆಳವಾದ ಎದೆ, ಬೆನ್ನಿಗೆ ಅಂಟಿದಂತಹ ಹೊಟ್ಟೆ, ನೀಳವಾದ ಕಾಲುಗಳು, ಇವು ಪಶ್ಚಿಮ ಏಷ್ಯದ ಸಲೂಕಿ ನಾಯಿಯನ್ನು ಕೂಡಲೆ ನೆನಪಿಗೆ ತರುತ್ತವೆ. ಮಹಾರಾಷ್ಟ್ರದಲ್ಲಿ ಈ ನಾಯಿಗಿರುವ ‘ಕರವಾನಿ’ ಎಂಬ ಹೆಸರು ವರ್ತಕರ ತಂಡ ಎಂಬರ್ಥದ ಪಾರಸಿ ಶಬ್ದದಿಂದ ಬಂದುದು; ಕಿವಿ, ಬಾಲಗಳಲ್ಲಿ ಉದ್ದ ಕೂದಲಿರುವ ಬಗೆಗೆ ಇರುವ ‘ಪಶ್ಮಿ’ ಎಂಬ ಹೆಸರು ಉಣ್ಣೆ ಎಂಬರ್ಥದ ಪಾರಸಿ ಶಬ್ದದಿಂದ ಬಂದುದು. ಬಹಮನಿ ಮತ್ತು ವಿಜಾಪುರದ ಸುಲ್ತಾನರ ಕಾಲದಲ್ಲಿ ಪಶ್ಚಿಮ ಕರಾವಳಿಯ ಬಂದರುಗಳ ಮೂಲಕ ಅರಬ್ಬೀ, ಪಾರಸಿಕ ಕುದುರೆಗಳು ದಖ್ಖನಿಗೆ ಬರುತ್ತಿದ್ದುವು. ಮುಧೋಳದ ಘೋರ್ಪಡೆಯವರು ಆದಿಲಶಾಹಿಯ ಸರದಾರರು. 1648ರಲ್ಲಿ ಶಹಾಜಿಯ ಬಂಧನದಲ್ಲಿ ಭಾಗಿಯಾದ ಬಾಜಿ ಘೋರ್ಪಡೆ ಈ ಮನೆತನದವನೇ. ಕುದುರೆ ಬಂದ ದಾರಿಯಲ್ಲಿ ನಾಯಿಯೂ ಬಂದಿರಬಹುದೆಂಬ ಊಹೆ ಅಸಂಗತವೇನೂ ಅಲ್ಲ.

ಆದರೂ ಎರಡು ಎಚ್ಚರಿಕೆಗಳು ಅವಶ್ಯ. ಶಬ್ದ ಬಂದೊಡನೆ ವಸ್ತುವೂ ಬಂದಿತೆಂದು ತೀರ್ಮಾನಿಸಲಾಗದು. ‘ಜಮೀನು’ ಎಂಬ ಮಾತು ನಮಗೆ ಪಾರಸಿಯಿಂದ ಬಂದಿದೆ. ಉಳುವ ನೆಲ ಇಲ್ಲಿಯದೇ. ಎರಡನೆಯದಾಗಿ, ಆಕಾರದ ಹೋಲಿಕೆ ರಕ್ತಸಂಬಂಧಕ್ಕೆ ಸಾಲದು. ಈಜಿಪ್ಟಿನ ಗೋರಿಗಳ ಚಿತ್ರಗಳಲ್ಲಿರುವ ನಾಯಿಯನ್ನು ಹೋಲುವ ಫೇರೋ ಹೌಂಡ್ ಐದು ಸಾವಿರ ವರ್ಷಗಳ ತಳಿಯೆಂದು ಬಹುಕಾಲ ನಂಬಿದ್ದರು. 2004ರಲ್ಲಿ ಪ್ರಕಟವಾದ ಅನುವಂಶಿಕ ಪರಿಶೋಧನೆಯೊಂದು ಅದನ್ನು ಇತ್ತೀಚಿನ ಕಾಲದಲ್ಲಿ ಇತರ ನಾಯಿಗಳಿಂದ ರೂಪಿಸಿದುದೆಂದು ಸೂಚಿಸಿತು. ಒಂದೇ ಕೆಲಸ ಒಂದೇ ಬಗೆಯ ಮೈಯನ್ನು ಬೇಡುತ್ತದೆ. ಘಟಪ್ರಭೆಯ ಆಸುಪಾಸಿನ ಮಳೆಗೊರತೆಯ ಎರೆಬಯಲಿನಲ್ಲಿ, ಮರೆಯಿಲ್ಲದ ನೆಲದಲ್ಲಿ, ವಾಸನೆ ಹಿಡಿದು ನಿಧಾನವಾಗಿ ಹೋಗುವ ನಾಯಿಗಿಂತ ದೂರದಿಂದ ಕಂಡು ಹಾರುವ ನಾಯಿಗೆ ಬೆಲೆ. ಈ ಜಾತಿಯ ನಾಯಿ ಪೂರ್ಣವೇಗದಲ್ಲಿ ಓಡುವಾಗ ಒಂದೊಂದು ನೆಗೆತದಲ್ಲಿಯೂ ಎರಡು ಸಲ ಅದರ ನಾಲ್ಕು ಕಾಲುಗಳೂ ನೆಲವನ್ನು ಬಿಟ್ಟಿರುತ್ತವೆ. ಹೊರಗಿನ ರಕ್ತ ಎಷ್ಟೇ ಬೆರೆತಿರಲಿ, ಅದನ್ನು ತಲೆತಲಾಂತರದಿಂದ ಆರಿಸಿ ಈ ರೂಪಕ್ಕೆ ನಿಲ್ಲಿಸಿದವರು ಓಟವನ್ನೇ ಒರೆಗಲ್ಲಾಗಿ ಮಾಡಿಕೊಂಡ ಈ ನೆಲದ ಬೇಟೆಗಾರರೂ ಕುರುಬರೂ ಎಂಬುದು ನಮ್ಮ ಅಭಿಪ್ರಾಯ.

ತಳಿಗೆ ಊರಿನ ಹೆಸರು ಬಂದುದು ಮಾತ್ರ ಅರಮನೆಯಿಂದ. 20ನೆಯ ಶತಮಾನದ ಮೊದಲ ದಶಕಗಳಲ್ಲಿ ಮುಧೋಳವನ್ನಾಳಿದ ಮಾಲೋಜಿರಾವ್ ಘೋರ್ಪಡೆಯವರು ಹಳ್ಳಿಗರ ಬಳಿಯಿದ್ದ ನಾಯಿಗಳನ್ನು ಗಮನಿಸಿ, ಆರಿಸಿ, ತಮ್ಮ ಆಶ್ರಯದಲ್ಲಿ ಬೆಳೆಸಿದರು. ಒಂದು ಜೊತೆಯನ್ನು ಐದನೆಯ ಜಾರ್ಜ್ ದೊರೆಗೆ ಕಾಣಿಕೆಯಾಗಿತ್ತುದರಿಂದ ‘ಮುಧೋಳದ ನಾಯಿ’ ಎಂಬ ಹೆಸರು ರೂಢಿಯಾಯಿತೆಂದು ಹೇಳುತ್ತಾರೆ. ಈ ಉಪಕಾರ ದೊಡ್ಡದು. ಆದರೆ ಇದೇ ಸಂಸ್ಥಾನದ ಹಲಗಲಿಯಲ್ಲಿ 1857ರ ನವೆಂಬರಿನಲ್ಲಿ ಬೇಡರು ಆಯುಧಗಳನ್ನು ಒಪ್ಪಿಸಲು ನಿರಾಕರಿಸಿ ಬ್ರಿಟಿಷರೊಡನೆ ಹೋರಾಡಿ ಮಡಿದುದು, ಗಲ್ಲಿಗೇರಿದುದು ಲಾವಣಿಗಳಿಂದ ಎಲ್ಲರಿಗೂ ತಿಳಿದಿದೆ. ಬೇಟೆಯೇ ಬಾಳಾಗಿದ್ದ ಇಂತಹ ಜನರ ಹೆಸರು ಯಾವ ನಾಯಿಯ ವಹಿಯಲ್ಲಿಯೂ ಇಲ್ಲ. ಕಾಣಿಕೆ ಕೊಟ್ಟವರ ಹೆಸರು ಉಳಿದಿದೆ, ಸಾಕಿದವರದು ಅಳಿದಿದೆ. ತಳಿಯ ಚರಿತ್ರೆಯನ್ನು ಬರೆಯುವವರು ಈ ಕೊರತೆಯನ್ನು ಗಮನಿಸದೆ ಮುಂದೆ ಹೋಗಬಾರದು.

1948ರಲ್ಲಿ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಅರಮನೆಯ ಆಶ್ರಯ ತಪ್ಪಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ಬೇಟೆ ನಿಂತಿತು, ನಿಲ್ಲಬೇಕಾದುದೇ ಸರಿ. ನೀರಾವರಿ ಬಂದು ಬಯಲುಗಳನ್ನು ಕಬ್ಬು ಆವರಿಸಿತು. 2005ರ ಜನವರಿಯಲ್ಲಿ ಅಂಚೆ ಇಲಾಖೆಯು ರಾಮಪುರ, ರಾಜಪಾಳಯಂ ಮತ್ತು ಹಿಮಾಲಯದ ಕುರಿನಾಯಿಗಳೊಡನೆ ಮುಧೋಳದ ನಾಯಿಗೂ ಒಂದು ಅಂಚೆಚೀಟಿಯನ್ನು ಹೊರಡಿಸಿತು. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾನಿಲಯವು ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನಾ ಕೇಂದ್ರವನ್ನು ನಡೆಸುತ್ತಿದೆ. 2016ರಲ್ಲಿ ಭೂಸೇನೆಯು ಕೆಲವು ಮರಿಗಳನ್ನು ಮೀರತ್ತಿಗೆ ಒಯ್ದು ತರಬೇತಿಗೆ ತೊಡಗಿಸಿತು. ಕರ್ನಾಲಿನ ರಾಷ್ಟ್ರೀಯ ಪ್ರಾಣಿ ಅನುವಂಶಿಕ ಸಂಪನ್ಮೂಲ ಸಂಸ್ಥೆಯು ರಾಜಪಾಳಯಂ, ಚಿಪ್ಪಿಪಾರೈ ತಳಿಗಳೊಡನೆ ಇದನ್ನೂ ದಾಖಲಿಸಿಕೊಂಡಿದೆ. ಭಾರತದ ಎರಡು ಶ್ವಾನಸಂಘಗಳಲ್ಲಿ ಒಂದು ಇದನ್ನು ‘ಕ್ಯಾರವಾನ್ ಹೌಂಡ್’ ಎಂದೂ ಇನ್ನೊಂದು ‘ಮುಧೋಳ್ ಹೌಂಡ್’ ಎಂದೂ ಬರೆದುಕೊಳ್ಳುತ್ತದೆ.

ಹೆಸರಿನ ಈ ಜಗಳಕ್ಕಿಂತ ಆಯ್ಕೆಯ ಒರೆಗಲ್ಲು ಬದಲಾದುದು ನಮಗೆ ಮುಖ್ಯವಾಗಿ ಕಾಣುತ್ತದೆ. ಹಿಂದೆ ಓಡಲಾರದ ನಾಯಿಯ ಸಂತತಿ ತಾನಾಗಿಯೇ ನಿಲ್ಲುತ್ತಿತ್ತು. ಇಂದು ಮುಧೋಳ ಸುತ್ತಣ ಮನೆಗಳಲ್ಲಿ ಜೋಳದ ನುಚ್ಚು, ಹಾಲುಗಳಿಂದ ಬೆಳೆದ ಮರಿಗಳು ಕಾವಲಿಗೂ ಪ್ರದರ್ಶನಕ್ಕೂ ದೂರದ ನಗರಗಳಿಗೆ ಹೋಗುತ್ತಿವೆ; ಕೊಳ್ಳುವವರು ನೋಡುವುದು ಅವುಗಳ ನಿಲುವನ್ನು, ಬಣ್ಣವನ್ನು ಮತ್ತು ನೋಂದಣಿಯ ಪತ್ರವನ್ನು.