ಕೂಡಿ ಮಾಡಿದ ಸೇವೆ: ಧಾರವಾಡ ಜಿಲ್ಲೆಯ ಹಳ್ಳಿ ಸಭೆಗಳು ನಡೆದು ಬಂದ ದಾರಿ

ಧಾರವಾಡ ಸೀಮೆಯಲ್ಲಿ ಕ್ರೈಸ್ತರ ಮಾತು ಬಂದರೆ ಅದು ಹಿಡಿಯುವುದು ಎರಡೇ ದಾರಿ. ವಿಚಾರ ಸಂಕಿರಣದಲ್ಲಾದರೆ ಕಿಟೆಲ್ ಸಾಹೇಬರು, ಅವರ 1894ರ ನಿಘಂಟು. ಹೊರಗಿನ ಚಹಾದಂಗಡಿಯಲ್ಲಾದರೆ ಆಮಿಷ, ಮತಾಂತರ. ಒಂದು ಹೊಗಳಿಕೆ, ಇನ್ನೊಂದು ಆರೋಪ. ಎರಡರ ತಳಹದಿ ಮಾತ್ರ ಒಂದೇ: ಕ್ರೈಸ್ತರೆಂದರೆ ಹೊರಗಿನಿಂದ ಬಂದು ಕೊಟ್ಟವರು, ಊರವರೆಂದರೆ ಕೈಯೊಡ್ಡಿ ಇಸಿದುಕೊಂಡವರು. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಯ ಸಣ್ಣ ಸಣ್ಣ ಕ್ರೈಸ್ತ ಸಭೆಗಳ ನಡುವೆ ಬಹುಕಾಲ ಓಡಾಡಿದ ನನಗೆ ಈ ಚಿತ್ರದ ಗುರುತೇ ಸಿಗುವುದಿಲ್ಲ. ನಾನು ಕಂಡಿದ್ದು ಬೆರಳೆಣಿಕೆಯ ಮನೆಗಳು. ಹೆಚ್ಚಿನವರು ಕೂಲಿಕಾರರು ಇಲ್ಲವೆ ತುಂಡು ಹೊಲದ ರೈತರು. ತಮ್ಮ ಹತ್ತಿರ ಇದ್ದಷ್ಟನ್ನು ಒಂದೆಡೆ ಕೂಡಿಸಿ, ನೆರೆಮನೆಯ ಲಿಂಗಾಯತರು, ಮುಸಲ್ಮಾನರು, ಕುರುಬರ ಜೊತೆಗೂಡಿ ಕೆಲಸ ಮಾಡಿದವರು ಅವರು. ಈ ಚರಿತ್ರೆಯನ್ನು ಯಾರೂ ಸರಿಯಾಗಿ ಬರೆದಿಲ್ಲ. ಅದರ ಒಂದು ಸ್ಥೂಲ ನಕ್ಷೆಯನ್ನಾದರೂ ಹಾಕುವುದು ಈ ಲೇಖನದ ಉದ್ದೇಶ.

ಆರಂಭದ ಕಥೆ ಬಹಳ ಜನರಿಗೆ ಗೊತ್ತಿರುವಂಥದ್ದು. ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ ಬಂತು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಗದಗಿನ ಮಗ್ಗುಲ ಬೆಟಗೇರಿ. ಆ ಹೊತ್ತಿಗೆ ಕಾಲಜ್ಞಾನದ ಮಾತುಗಳನ್ನು ನಂಬಿ ಹೊಸ ಗುರುವಿಗಾಗಿ ಕಾಯುತ್ತಿದ್ದ ಒಂದು ಗುಂಪು ಹುಬ್ಬಳ್ಳಿಯ ಮಿಶನರಿಗಳನ್ನು ಹುಡುಕಿಕೊಂಡು ಬಂತು. ಆ ಗುಂಪು ನೆಲೆ ನಿಲ್ಲಲಿ ಎಂದು ಮಿಶನರಿಗಳು ಬೆಟಗೇರಿಯ ಹತ್ತಿರ ಮಲಸಮುದ್ರದಲ್ಲಿ ಭೂಮಿ ಹಿಡಿದು ಒಕ್ಕಲುತನದ ವಸಾಹತು ಕಟ್ಟಿದರು. ಬಂದವರು ನಿರೀಕ್ಷಿಸಿದಂತೆ ನಿಲ್ಲಲಿಲ್ಲ. ಚರಿತ್ರಕಾರರು ಇದನ್ನು ಸೋಲೆಂದು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ಆದರೆ ಎರಿ ಹೊಲದಲ್ಲಿ ಕೂಡಿ ಉತ್ತು ಕೂಡಿ ಉಣ್ಣುವ ಕ್ರೈಸ್ತ ಊರೊಂದನ್ನು ಕಟ್ಟಬೇಕೆಂಬ ಯೋಚನೆ ನಮ್ಮ ಭಾಗದಲ್ಲಿ ಮೊದಲು ಹುಟ್ಟಿದ್ದು ಅಲ್ಲಿಯೇ.

1876ರಿಂದ 78ರ ಬರ ಎಲ್ಲವನ್ನೂ ಬದಲಿಸಿತು. ಅನಾಥ ಮಕ್ಕಳು ಮಿಶನ್ ಅಂಗಳ ತುಂಬಿದರು. ಅವರಿಗೆ ಸಾಲಿ, ಬೋರ್ಡಿಂಗು, ಗುಳೇದಗುಡ್ಡ-ಬೆಟಗೇರಿಯ ಕಡೆ ಮಗ್ಗದ ಕೆಲಸ. ಮುಂದೆ ಬೆಟಗೇರಿಯಲ್ಲಿ ದವಾಖಾನೆಯೂ ಬಂತು. ಜನ ಇಂದಿಗೂ ಅದನ್ನು ಜರ್ಮನ್ ದವಾಖಾನೆ ಎನ್ನುತ್ತಾರೆ. ಇವೆಲ್ಲ ದೊಡ್ಡ ಕೆಲಸಗಳೇ, ಅನುಮಾನವಿಲ್ಲ. ಆದರೆ ಸೇವೆ ಎಂಬುದು ಕಂಪೌಂಡಿನೊಳಗೆ ಸಂಬಳಕ್ಕಿದ್ದವರು ಮಾಡುವ ಕೆಲಸ ಎಂಬ ಭಾವನೆ ಬೇರೂರಿದ್ದೂ ಆಗಲೇ. ಕಂಪೌಂಡಿನ ಹೊರಗೆ, ಹಳ್ಳಿಯಿಂದ ಹಳ್ಳಿಗೆ ನಡೆದ ಉಪದೇಶಿಗಳು, ಬಾಣಂತಿಯರ ಮನೆಗೆ ಹೋಗಿ ಅಕ್ಷರವನ್ನೂ ಆರೈಕೆಯನ್ನೂ ಒಟ್ಟಿಗೇ ಕೊಟ್ಟ ಬೈಬಲ್ ಬಾಯಿಯರು ವರದಿಗಳಲ್ಲಿ ಬರೀ ಸಂಖ್ಯೆಗಳಾಗಿ ಉಳಿದರು. ಪ್ರತಿ ಸಭೆಯೂ ತನ್ನ ಬಡವರಿಗಾಗಿ ಬೇರೆ ಕಾಣಿಕೆ ಎತ್ತಿಡುತ್ತಿತ್ತು. ಮಿಶನ್ ಕಾಲದ ವ್ಯವಸ್ಥೆಗಳಲ್ಲಿ ಹಳ್ಳಿಗರ ಕೈಗೆ ನಿಜವಾಗಿ ಸೇರಿದ್ದು ಅದೊಂದೇ ಎಂದು ನನ್ನ ಎಣಿಕೆ.

ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸರಕಾರ ಜರ್ಮನ್ ಮಿಶನರಿಗಳನ್ನು ಬಂಧನದಲ್ಲಿಟ್ಟಿತು, ಊರಿಗೆ ಕಳಿಸಿತು. ಸಭೆಗಳು ಒಮ್ಮೆಲೆ ತಮ್ಮ ಕಾಲ ಮೇಲೆ ನಿಲ್ಲಬೇಕಾಯಿತು. ಹೆಚ್ಚಿನವರು ಇದನ್ನು ಕಷ್ಟಕಾಲ ಎಂದು ಬರೆಯುತ್ತಾರೆ. ನನಗದು ಬೆಳೆದು ನಿಂತ ಕಾಲ. 1920ರ ದಶಕದಲ್ಲಿ ಬಾಸೆಲ್‌ನವರು ಮರಳಿ ಬಂದಾಗ ಅವರೆದುರು ಇದ್ದದ್ದು ಮೊದಲಿನ ಸಭೆಯಲ್ಲ. ಆ ಬದಲಾವಣೆಯ ಎತ್ತರದ ಹೆಸರು ರೆವರೆಂಡ್ ಚನ್ನಪ್ಪ ಉತ್ತಂಗಿ. 1881ರಲ್ಲಿ ಧಾರವಾಡದಲ್ಲಿ ಹುಟ್ಟಿ ಪಾದ್ರಿಯಾದ ಅವರು ಹಳ್ಳಿಹಳ್ಳಿ ತಿರುಗಿ, ಓಲೆಗರಿ ಹುಡುಕಿ, ಜನರ ಬಾಯಿಂದ ಕೇಳಿ ಸರ್ವಜ್ಞನ ವಚನಗಳನ್ನು ಕೂಡಿಸಿದರು. 1924ರಲ್ಲಿ ಅದು ಪುಸ್ತಕವಾಯಿತು. ಅನುಭವ ಮಂಟಪದ ಐತಿಹಾಸಿಕತೆಯ ಬಗ್ಗೆ ಬರೆದರು. 1949ರ ಕಲಬುರಗಿ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಸಾಹಿತಿಗಳು ಅವರನ್ನು ಸಂಶೋಧಕರೆಂದು ನೆನೆಯುತ್ತಾರೆ, ಸಭೆಯವರು ಪಾದ್ರಿಯೆಂದು. ಈ ಎರಡನ್ನೂ ಜೋಡಿಸಿ ನೋಡಿದವರು ಕಡಿಮೆ. ಕ್ರಿಸ್ತನ ಹಿಂಬಾಲಕ ತನ್ನ ನೆರೆಯವನ ಮನೆಯ ನಿಧಿಯನ್ನು ತನ್ನ ಶ್ರಮದಿಂದ ಕಾಪಾಡಿ ಅವನಿಗೇ ಮರಳಿಸುವುದು ಸೇವೆಯೇ, ಅದೂ ದೊಡ್ಡ ಸೇವೆ. ಮೃತ್ಯುಂಜಯ ಅಪ್ಪಗಳ ಮುರುಘಾಮಠದಲ್ಲಿ ಬಡ ಹುಡುಗರು ಉಂಡು ಓದುತ್ತಿದ್ದ ಊರು ಧಾರವಾಡ. ದಾಸೋಹದ ನಾಡಿನಲ್ಲಿ ಕ್ರೈಸ್ತ ಸಭೆ ಸೇವೆಯ ಪಾಠವನ್ನು ಬೈಬಲ್‌ನಿಂದಷ್ಟೇ ಕಲಿಯಲಿಲ್ಲ, ಅಕ್ಕಪಕ್ಕದಿಂದಲೂ ಕಲಿಯಿತು. ಇದನ್ನು ಒಪ್ಪಿಕೊಳ್ಳಲು ನಮ್ಮವರಿಗೇ ಇನ್ನೂ ಸಂಕೋಚವಿದೆ. ಏಕೋ ತಿಳಿಯದು.

ಸ್ವಾತಂತ್ರ್ಯದ ನಂತರದ ಎರಡು ದಶಕ ಪರಿಹಾರದ ದಶಕಗಳು. 1947ರಲ್ಲಿ ದಕ್ಷಿಣ ಭಾರತ ಸಭೆ ಹುಟ್ಟಿತು. ಅದೇ ವರ್ಷ ವಿಭಜನೆಯ ನಿರಾಶ್ರಿತರಿಗಾಗಿ ಶುರುವಾದ ಕೆಲಸ ಮುಂದೆ ‘ಕಾಸಾ’ ಸಂಸ್ಥೆಯಾಯಿತು. 1962ರಲ್ಲಿ ಕೆಥೊಲಿಕರ ಕಾರಿತಾಸ್ ಇಂಡಿಯಾ ಬಂತು. ಅಮೆರಿಕದ ಗೋಧಿ ನುಚ್ಚು, ಹಾಲಿನ ಪುಡಿಯ ಕಾಲವದು. ಹಸಿದವರಿಗೆ ಅನ್ನ ಸಿಕ್ಕಿತು. ಆದರೆ ಸರತಿ ಸಾಲಿನಲ್ಲಿ ನಿಂತವರಿಗೂ ಕೊಟ್ಟವರಿಗೂ ನಡುವೆ ಮೇಜೊಂದು ಸದಾ ಇತ್ತು. ಬಾಸೆಲ್ ಮೂಲದ ನಮ್ಮ ಭಾಗದ ಸಭೆಗಳು 1968ರಲ್ಲಿ ದಕ್ಷಿಣ ಭಾರತ ಸಭೆ ಸೇರಿದವು. 1970ರಲ್ಲಿ ಧಾರವಾಡ ಉತ್ತರ ಕರ್ನಾಟಕದ ಧರ್ಮಪ್ರಾಂತದ ಕೇಂದ್ರವಾಯಿತು.

ಇಲ್ಲಿಂದ ಮುಂದಿನದು ನನ್ನ ತಲೆಮಾರಿನ ಕಥೆ. ಅದಕ್ಕೆ ಹೆಚ್ಚು ಜಾಗ ಕೊಡುವುದು ಅಭಿಮಾನದಿಂದ ಮಾತ್ರವಲ್ಲ, ಆ ಕಾಲದ ಕಾಗದಪತ್ರ ಎಲ್ಲಕ್ಕಿಂತ ಕಡಿಮೆ ಉಳಿದಿರುವುದರಿಂದಲೂ ಹೌದು. 1962ರಿಂದ 65ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆ ಕೆಥೊಲಿಕರ ಕಿಟಕಿ ತೆರೆದಿತ್ತು. 1974–75ರಲ್ಲಿ ಯೇಸುಸಭೆಯ ಮಹಾಸಭೆ ವಿಶ್ವಾಸವನ್ನೂ ನ್ಯಾಯವನ್ನೂ ಬೇರ್ಪಡಿಸಲಾಗದು ಎಂದಿತು. ಬೆಂಗಳೂರಿನಲ್ಲಿದ್ದ ಕ್ರೈಸ್ತ ಚಿಂತಕರಾದ ದೇವಾನಂದನ್, ಎಂ. ಎಂ. ಥಾಮಸ್ ಅವರ ಬರಹಗಳು ನಮ್ಮಂಥ ಹುಡುಗರ ಕೈಸೇರಿದ್ದವು. ಬೈಲಹೊಂಗಲ ಸೀಮೆಯ ದೇಶನೂರಿನಲ್ಲಿ ಯೇಸುಸಭೆಯ ಸ್ವಾಮಿ ಅನಿಮಾನಂದರು ಕಾವಿಯುಟ್ಟು, ವಿರಕ್ತಮಠದ ರೀತಿಯಲ್ಲಿ ಬದುಕಿ ತೋರಿಸಿದ್ದರು. ಆವರೆಗೆ ಒಬ್ಬರ ಗುಡಿಗೆ ಒಬ್ಬರು ಕಾಲಿಡದಿದ್ದ ಕೆಥೊಲಿಕ್ ಮತ್ತು ಪ್ರೊಟೆಸ್ಟೆಂಟ್ ಯುವಕರು ಒಂದೇ ಬಸ್ಸಿನಲ್ಲಿ ಕಲಘಟಗಿಯ ಹಳ್ಳಿಗಳಿಗೆ ಹೋಗತೊಡಗಿದ್ದು ಆಗ. ಕೆರೆ ಹೂಳೆತ್ತುವುದು, ರಾತ್ರಿ ಸಾಲಿ, ಬದು ಹಾಕುವುದು. ಹೊಸತೇನೂ ಇರಲಿಲ್ಲ. ಹೊಸತಾಗಿದ್ದದ್ದು ಒಂದೇ ನಿಯಮ: ಊರವರು ಅರ್ಧ ಆಳು ಕೊಡದಿದ್ದರೆ ನಾವು ಕೆಲಸ ಶುರು ಮಾಡುತ್ತಿರಲಿಲ್ಲ. ಒಕ್ಕಲಿಗರಿಗೆ ಅದನ್ನು ವಿವರಿಸುವ ಅಗತ್ಯವೇ ಬೀಳಲಿಲ್ಲ. ಮುಯ್ಯಾಳು ಅವರಿಗೆ ಅಜ್ಜ ಮುತ್ತಜ್ಜರ ಕಾಲದ್ದು.

1980ರ ಜುಲೈ 21ರಂದು ನರಗುಂದ–ನವಲಗುಂದದಲ್ಲಿ ಗೋಲಿಬಾರ್ ಆಯಿತು. ಮಲಪ್ರಭೆಯ ಕಾಲುವೆ ನೀರು ಸರಿಯಾಗಿ ತಲುಪದ ಹೊಲಕ್ಕೂ ಅಭಿವೃದ್ಧಿ ಕರ ಹಾಕಿದ್ದನ್ನು ರೈತರು ಪ್ರತಿಭಟಿಸಿದ್ದರು. ಆ ದಿನ ನಮ್ಮ ಮುಂದೆ ಬಂದು ನಿಂತ ಪ್ರಶ್ನೆ, ಹೂಳೆತ್ತುವುದೂ ಔಷಧಿ ಹಂಚುವುದೂ ಸೇವೆಯಾದರೆ, ಅನ್ಯಾಯದ ಕರ ಕಟ್ಟಲಾರೆ ಎಂದ ರೈತನ ಪಕ್ಕ ನಿಲ್ಲುವುದು ಏನು ಎಂಬುದು. ಸಭೆಗಳು ಈ ಪ್ರಶ್ನೆಗೆ ಒಂದೇ ದನಿಯಲ್ಲಿ ಉತ್ತರಿಸಲಿಲ್ಲ. ಸಣ್ಣ ಸಮುದಾಯ, ಸರಕಾರದ ಕಣ್ಣು, ಭಯ ಸಹಜ. ಆದರೂ ನವಲಗುಂದದ ಕಡೆ ಕೆಲವು ಮನೆಗಳವರು ತಲೆಮರೆಸಿಕೊಂಡವರ ಮಕ್ಕಳಿಗೆ ವಾರಗಟ್ಟಲೆ ಊಟ ಹಾಕಿದ್ದನ್ನು ನಾನು ಬಲ್ಲೆ. ಅದನ್ನು ಯಾವ ವರದಿಯಲ್ಲೂ ಯಾರೂ ಬರೆಯಲಿಲ್ಲ.

ಹಳ್ಳಿಸಭೆಯ ಸೇವೆ ಹೇಗೆ ನಡೆಯುತ್ತದೆ ಎಂದು ತಿಳಿಯಬೇಕಾದವರು ಕುಂದಗೋಳದ ಕಡೆ ಸುಗ್ಗಿ ಹಬ್ಬಕ್ಕೆ ಹೋಗಬೇಕು. ಬೆಳಿಗ್ಗೆ ಆರಾಧನೆಗೆ ಜನ ತಂದದ್ದನ್ನು ವೇದಿಕೆಯ ಮುಂದೆ ಇಡುತ್ತಾರೆ: ಜೋಳದ ಚೀಲ, ಬ್ಯಾಡಗಿ ಮೆಣಸಿನಕಾಯಿಯ ಬುಟ್ಟಿ, ಶೇಂಗಾ, ಕುಂಬಳಕಾಯಿ, ಕಾಲು ಕಟ್ಟಿದ ಕೋಳಿ. ಆರಾಧನೆ ಮುಗಿದ ಮೇಲೆ ಲಿಲಾವು. ವಿಧವೆ ಅಜ್ಜಿಯೊಬ್ಬಳು ತಂದ ಒಂದೇ ಒಂದು ತತ್ತಿಯನ್ನು ಒಬ್ಬ ಕೂಗಿ ಕೊಳ್ಳುತ್ತಾನೆ, ಮತ್ತೆ ಸಭೆಗೇ ಕೊಡುತ್ತಾನೆ. ಇನ್ನೊಬ್ಬ ಕೊಳ್ಳುತ್ತಾನೆ, ಮತ್ತೆ ಕೊಡುತ್ತಾನೆ. ಕಡೆಗೆ ಆ ತತ್ತಿಗೆ ಬಂದ ಹಣ ಜೋಳದ ಚೀಲಕ್ಕಿಂತ ಹೆಚ್ಚಾಗಿರುತ್ತದೆ. ಲಿಲಾವಿನಲ್ಲಿ ನೆರೆಮನೆಯವರೂ ಕೂಗುತ್ತಾರೆ. ಬಂದದ್ದರಲ್ಲಿ ಅಯ್ಯನವರ ಪಾಲು, ಗುಡಿಯ ಪಾಲು ತೆಗೆದು ಉಳಿದದ್ದನ್ನು ಯಾರಿಗೆ ಕೊಡಬೇಕೆಂದು ನಾನು ಕಂಡ ಕಡೆಗಳಲ್ಲೆಲ್ಲ ಹೆಂಗಸರೇ ತೀರ್ಮಾನಿಸಿದ್ದಾರೆ. ಒಮ್ಮೆ ಒಬ್ಬ ಹಿರಿಯರು, ಪಟ್ಟಿಯಲ್ಲಿದ್ದ ಒಂದು ಹೆಸರಿಗೆ ‘ಆಕಿ ನಮ್ಮ ಸಭಾದಾಕಿ ಅಲ್ಲ’ ಎಂದು ತಕರಾರು ತೆಗೆದರು. ‘ಆಕಿ ಒಲಿ ನಮ್ಮ ಒಲಿ ಮಗ್ಗಲದಾಗ ಐತ್ರಿ ಅಪ್ಪಾರ, ಹೊಗಿ ಕಾಣದಿದ್ರ ನಮಗೇ ತಿಳೀತದ’ ಎಂದಳು ಒಬ್ಬಾಕೆ. ತಕರಾರು ಅಲ್ಲಿಗೇ ಮುಗಿಯಿತು.

2009ರ ಅಕ್ಟೋಬರ್ ಮೊದಲ ವಾರದ ಮಳೆಗೆ ಬೆಣ್ಣಿಹಳ್ಳ ತುಂಬಿ ಹರಿದಾಗ ನವಲಗುಂದದ ಹಳ್ಳಿಗಳಲ್ಲಿ ಮಣ್ಣಿನ ಮನೆಗಳು ಕರಗಿ ಕೂತವು. ಎರಿ ಮಣ್ಣು ನೀರುಂಡರೆ ಗೋಡೆಯ ಬುಡವೇ ಸರಿಯುತ್ತದೆ. ಲಾರಿಗಟ್ಟಲೆ ಹಳೆ ಬಟ್ಟೆ ಬಂತು, ಅದರಲ್ಲಿ ಬಹಳಷ್ಟು ರಸ್ತೆ ಬದಿಗೇ ಉಳಿಯಿತು. ಜನಕ್ಕೆ ಬೇಕಾಗಿದ್ದದ್ದು ಒಣ ಕಟ್ಟಿಗೆ, ಸೀಮೆಎಣ್ಣೆ, ದನಕ್ಕೆ ಮೇವು. ಕಣಿಕಿಯ ಬಣವೆಗಳೇ ತೇಲಿಹೋಗಿದ್ದವು. ಕಲಘಟಗಿಯ ಭತ್ತದ ಸೀಮೆಯ ಸಭೆಗಳವರು ಹುಲ್ಲು ಕೊಟ್ಟರು. ಅಣ್ಣಿಗೇರಿ ಕಡೆಯ ಹೆಂಗಸರು ಖಡಕ್ ರೊಟ್ಟಿ ಬಡಿದು, ಶೇಂಗಾ ಹಿಂಡಿ ಕುಟ್ಟಿ ಕಳಿಸಿದರು. ಖಡಕ್ ರೊಟ್ಟಿ ವಾರವಿಟ್ಟರೂ ಕೆಡುವುದಿಲ್ಲ, ಒಲೆಯಿಲ್ಲದ ಮನೆಗೆ ಅದಕ್ಕಿಂತ ಸರಿಯಾದ ಊಟವಿಲ್ಲ. ಈ ತಿಳಿವಳಿಕೆ ಯಾವ ಪರಿಹಾರ ಸಂಸ್ಥೆಯ ಕೈಪಿಡಿಯಲ್ಲೂ ಇರಲಿಲ್ಲ. ಆ ರೊಟ್ಟಿ ಬಡಿದ ಅಂಗಳಗಳಲ್ಲಿ ಕ್ರೈಸ್ತರಿಗಿಂತ ಬೇರೆಯವರೇ ಹೆಚ್ಚು ಇದ್ದರು ಎಂಬುದನ್ನೂ ಹೇಳಲೇಬೇಕು.

ಈಚಿನ ವರ್ಷಗಳ ಚಿತ್ರ ಮಸುಕಾಗಿದೆ. ಸಭೆಗಳ ಶಕ್ತಿ, ಆಸ್ತಿ, ಗಮನ ಎಲ್ಲವೂ ಧಾರವಾಡ–ಹುಬ್ಬಳ್ಳಿಯ ಇಂಗ್ಲಿಷ್ ಸಾಲಿಗಳ ಕಡೆ ವಾಲಿದೆ. ಫೀ ಕಟ್ಟಲಾರದ ಹಳ್ಳಿಯ ಕ್ರೈಸ್ತ ಕೂಲಿಕಾರನ ಮಗು ಆ ಸಾಲಿಯ ಗೇಟು ದಾಟುವುದು ಅಪರೂಪ. ವಿದೇಶಿ ದೇಣಿಗೆ ಕಾಯ್ದೆಯ 2020ರ ತಿದ್ದುಪಡಿ ಆ ದೇಣಿಗೆಯನ್ನು ಒಂದು ಸಂಸ್ಥೆ ಇನ್ನೊಂದಕ್ಕೆ ದಾಟಿಸುವುದನ್ನು ನಿಲ್ಲಿಸಿತು, ಆಡಳಿತ ವೆಚ್ಚದ ಮಿತಿಯನ್ನು ಶೇಕಡಾ 20ಕ್ಕೆ ಇಳಿಸಿತು. ದೊಡ್ಡ ಸಂಸ್ಥೆಗಳ ನೆರಳಲ್ಲಿದ್ದ ಸಣ್ಣ ಹಳ್ಳಿ ಕೆಲಸಗಳಿಗೆ ಪೆಟ್ಟು ಬಿದ್ದಿತು. ಮತಾಂತರ ತಡೆಯ 2022ರ ರಾಜ್ಯ ಕಾಯ್ದೆ ಧಾರ್ಮಿಕ ಸಂಸ್ಥೆಗಳ ಸಾಲಿಯ ಉಚಿತ ಶಿಕ್ಷಣವನ್ನೂ ಆಮಿಷದ ಪಟ್ಟಿಗೆ ಸೇರಿಸಿತು. 2023ರ ಜೂನ್‌ನಲ್ಲಿ ಸಚಿವ ಸಂಪುಟ ಅದನ್ನು ಹಿಂಪಡೆಯಲು ತೀರ್ಮಾನಿಸಿತಾದರೂ ಹಳ್ಳಿಯಲ್ಲಿ ಅಂಜಿಕೆ ಹೋಗಿಲ್ಲ. ಆದರೆ ಹಣ ನಿಂತಿತು, ಆದ್ದರಿಂದ ಸೇವೆ ನಿಂತಿತು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಸುಗ್ಗಿಯ ತತ್ತಿಗೂ ಖಡಕ್ ರೊಟ್ಟಿಗೂ ಯಾವ ವಿದೇಶಿ ಖಾತೆಯೂ ಬೇಕಾಗಿರಲಿಲ್ಲ.

ಬರೆಯದೆ ಉಳಿದದ್ದು ಬಹಳ. ದಲಿತ ಮೂಲದ ಸಭೆಗಳು ತಮ್ಮ ಕೇರಿಗಳಲ್ಲಿ ಮಾಡಿದ ಕೆಲಸದ ಬಗ್ಗೆ ಒಂದು ಪೂರ್ಣ ಪುಸ್ತಕವನ್ನೂ ನಾನು ಕಂಡಿಲ್ಲ. 1950ರ ರಾಷ್ಟ್ರಪತಿ ಆದೇಶದಿಂದಾಗಿ ಪರಿಶಿಷ್ಟರ ಪಟ್ಟಿಯಿಂದ ಹೊರಗುಳಿದ ಅವರು ಚರಿತ್ರೆಯ ಪಟ್ಟಿಯಿಂದಲೂ ಹೊರಗಿದ್ದಾರೆ. ಸಣ್ಣ ಊರುಗಳ ದವಾಖಾನೆಗಳಲ್ಲಿ ರಾತ್ರಿ ಹೆರಿಗೆ ಮಾಡಿಸಿದ ಕನ್ಯಾಸ್ತ್ರೀಯರ ಬಗ್ಗೆ, ಬೈಬಲ್ ಬಾಯಿಯರ ಬಗ್ಗೆ ಬಂದ ಅಧ್ಯಯನಗಳೂ ಅಷ್ಟೇ. ಮಿಶನರಿಗಳ ಪತ್ರಗಳು ಬಾಸೆಲ್‌ನಲ್ಲಿ ಭದ್ರವಾಗಿವೆ, ಮಂಗಳೂರಿನ ಬಲ್ಮಠದ ದೇವಜ್ಞಾನ ಕಾಲೇಜಿನಲ್ಲೂ ಒಂದು ಸಂಗ್ರಹವಿದೆ. ಅಲ್ಲಿ ಸಿಗುವುದು ಕೊಟ್ಟವರ ಬರಹ. ಕೂಡಿ ಮಾಡಿದವರ ದಾಖಲೆ ಇರುವುದು ಹಳ್ಳಿ ಗುಡಿಯ ಬೀರುವಿನಲ್ಲಿ: ಲಿಲಾವಿನ ಲೆಕ್ಕದ ವಹಿಗಳು, ಬಡವರ ಕಾಣಿಕೆಯ ಪಟ್ಟಿಗಳು, ಮಹಿಳಾ ಕೂಟದ ನಡಾವಳಿ. ಹಲವನ್ನು ಗೆದ್ದಲು ತಿಂದಾಗಿದೆ. ಅವುಗಳನ್ನು ಊರೂರು ತಿರುಗಿ ಕೂಡಿಸಿ ಧಾರವಾಡದಲ್ಲಿ ಒಂದೆಡೆ ಇಡಲು ದೊಡ್ಡ ಕಟ್ಟಡವಾಗಲಿ ದೊಡ್ಡ ಅನುದಾನವಾಗಲಿ ಬೇಡ. ಪ್ರತಿ ಸಭೆಯಿಂದ ಒಬ್ಬ ಓದಿದ ಹುಡುಗಿ, ಒಂದು ಮೊಬೈಲ್ ಕ್ಯಾಮೆರಾ, ಬೀರು ತೆರೆಯಲು ಒಪ್ಪುವ ಹಿರಿಯರು ಇದ್ದರೆ ಕೆಲಸ ಈ ಸುಗ್ಗಿಗೇ ಶುರುವಾಗಬಹುದು.