ಒಡೆತನ ಮತ್ತು ಹತೋಟಿ (ಇಸ್ಪೀಟು ಮತ್ತು ಕಾರ್ಡಿನಾಟ)

ಎಲೆ ಯಾರದು, ಸದ್ಯ ಅದನ್ನು ಆಡಿಸುವವರು ಯಾರು ಎಂಬ ಭೇದ. ರಮ್ಮಿಯಲ್ಲಿ ಈ ಪ್ರಶ್ನೆ ಏಳದು, ಕಟ್ಟು ಎಲ್ಲರದು. ಮೈಸೂರಿನ ಚಿತ್ರಕಾರರು ಬರೆದ ದಶಾವತಾರ ಗಂಜೀಫಾದ 120 ಎಲೆಗಳಲ್ಲಿ ಪ್ರತಿಯೊಂದೂ ಒಂದೇ ಒಂದು. ಜೋಡಿಯೇ ಇಲ್ಲದ ಕಡೆ ಯಾವುದು ಯಾರದೆಂಬ ತಕರಾರೂ ಇಲ್ಲ.

ರಿಚರ್ಡ್ ಗಾರ್ಫೀಲ್ಡ್ ರೂಪಿಸಿದ, 1993ರಲ್ಲಿ ಹೊರಬಂದ ‘ಮ್ಯಾಜಿಕ್: ದ ಗ್ಯಾದರಿಂಗ್’ ಆಟಕ್ಕೆ ಪ್ರತಿಯೊಬ್ಬರೂ ತಮ್ಮದೇ ಕಟ್ಟು ತರುತ್ತಾರೆ. ಯಾರ ಕಟ್ಟಿನಿಂದ ಬಂತೋ ಅವರೇ ಒಡೆಯರು. ಎದುರಾಳಿ ಅದನ್ನು ವಶಪಡಿಸಿಕೊಂಡರೆ ಹತೋಟಿ ಮಾತ್ರ ಕೈ ಬದಲಿಸುತ್ತದೆ. ‘ಲೆಜೆಂಡರಿ’ ಎಲೆಗಳಿಗೆ ವಿಶೇಷ ಕಟ್ಟಳೆ: ಒಬ್ಬರ ಹತೋಟಿಯಲ್ಲಿ ಒಂದೇ ಹೆಸರಿನ ಎರಡಿದ್ದರೆ ಒಂದನ್ನು ಉಳಿಸಿಕೊಳ್ಳಬೇಕು. ಎಣಿಕೆ ಹತೋಟಿಯ ಮೇಲೆ, ಆದರೆ ಬಿಟ್ಟ ಎಲೆ ಸೇರುವುದು ಒಡೆಯರ ರಾಶಿಗೆ. 2013ಕ್ಕೆ ಮುಂಚೆ ಇಡೀ ಮೇಜನ್ನೇ ಲೆಕ್ಕಕ್ಕೆ ಹಿಡಿಯುತ್ತಿದ್ದರು. ಈಗಿನದೇ ಹೆಚ್ಚು ನ್ಯಾಯವಾದದ್ದು, ಏಕೆಂದರೆ ಎದುರಾಳಿಯ ಬಳಿಯ ಅದೇ ಹೆಸರಿನ ಎಲೆಯಿಂದ ನಮ್ಮದು ಸಾಯುವುದಿಲ್ಲ.