ವಿಮಾನದ ದಾರಿ, ಭೂಮಿಯ ದುಂಡು

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ನೇರವಾಗಿ ಹೋಗಬೇಕಾದರೆ ಪೂರ್ವಕ್ಕೆ ಹಾರಿ ಪೆಸಿಫಿಕ್ ಸಾಗರವನ್ನು ದಾಟಬೇಕಲ್ಲವೆ, ಉತ್ತರ ದಿಕ್ಕೇಕೆ ಎಂದು ಬಂಧುಗಳು ಕೇಳುವುದುಂಟು. ನಮ್ಮ ತರಗತಿಗಳಲ್ಲಿ ತೂಗುತ್ತಿದ್ದ ಭೂಪಟವೇ ಈ ಸಂದೇಹಕ್ಕೆ ಮೂಲ.

1569ರಲ್ಲಿ ಮರ್ಕೇಟರ್ ತನ್ನ ಪ್ರಸಿದ್ಧ ಭೂಪಟವನ್ನು ರಚಿಸಿದ್ದು ನಾವಿಕರಿಗಾಗಿ. ಅದರ ಮೇಲಿನ ಸರಳರೇಖೆಯೆಂದರೆ ದಿಕ್ಕನ್ನು ಬದಲಿಸದೆ ಸಾಗುವ ದಾರಿ. ಅಲ್ಲಿ ದಿಕ್ಕು ತಪ್ಪುವುದಿಲ್ಲ. ಆದರೆ ದೂರ ಹೆಚ್ಚುತ್ತದೆ. ಗೋಳದ ಮೇಲೆ ಅತಿ ಕಿರಿದಾದ ದಾರಿ ಮಹಾವೃತ್ತದ ಕಂಸ. ಅಂದರೆ ಗೋಳದ ಕೇಂದ್ರವನ್ನೇ ತನ್ನ ಕೇಂದ್ರವಾಗಿ ಉಳ್ಳ ವೃತ್ತದ ಭಾಗ.

ಎರಡೂ ಊರುಗಳ ಅಕ್ಷಾಂಶ, ರೇಖಾಂಶಗಳು ತಿಳಿದಿದ್ದರೆ ಭೂಕೇಂದ್ರದಲ್ಲಿ ಅವುಗಳ ನಡುವಣ ಕೋನವನ್ನು ಗೋಳೀಯ ತ್ರಿಕೋನಮಿತಿ ಕೊಡುತ್ತದೆ. ಈ ಎರಡು ನಿಲ್ದಾಣಗಳಿಗೆ ಅದು ಸುಮಾರು 125.8 ಡಿಗ್ರಿ. ಒಂದು ಡಿಗ್ರಿಗೆ 60 ನಾಟಿಕಲ್ ಮೈಲಿ, ಒಂದು ನಾಟಿಕಲ್ ಮೈಲಿಗೆ 1.852 ಕಿಲೋಮೀಟರು. ಗುಣಿಸಿದರೆ ಹೆಚ್ಚುಕಡಿಮೆ 14,000 ಕಿಲೋಮೀಟರು. ಮರ್ಕೇಟರನ ಸರಳರೇಖೆಯನ್ನು ಹಿಡಿದರೆ 16,000ಕ್ಕೂ ಮಿಕ್ಕುತ್ತದೆ. ಎರಡು ಸಾವಿರ ಕಿಲೋಮೀಟರಿನ ಇಂಧನವೆಂದರೆ ಸಾಮಾನ್ಯವೆ?

ಈ ಲೆಕ್ಕದ ಬೇರು ನಮ್ಮಲ್ಲಿಯೂ ಇದೆ. ಕ್ರಿ.ಶ. 499ರ ಆರ್ಯಭಟೀಯದಲ್ಲಿ ಜ್ಯಾ ಮೌಲ್ಯಗಳ ಪಟ್ಟಿಯಿದೆ. ಆ 'ಜ್ಯಾ' ಅರಬರಲ್ಲಿ 'ಜೀಬಾ' ಆಗಿ, ಅದನ್ನು 'ಜೈಬ್' ಎಂದು ಓದಿದ ಲ್ಯಾಟಿನ್ ಅನುವಾದಕರಿಂದ 'ಸೈನಸ್' ಆಗಿ, ಕೊನೆಗೆ ನಿಮ್ಮ ಪಠ್ಯಪುಸ್ತಕದ ಸೈನ್ ಆಯಿತು. ಕ್ಲಾರ್ಕ್ಸ್ ಟೇಬಲ್ ಹಿಡಿದು ಪಿಯುಸಿ ಓದಿದವರಿಗೆ ಕೋಷ್ಟಕಗಳ ಶ್ರಮ ಗೊತ್ತು. ಅಂಥ ಶ್ರಮವನ್ನು ಹಗುರಗೊಳಿಸಲು ನಾವಿಕರು ಬಳಸಿದ ಸೂತ್ರಕ್ಕೆ 'ಹ್ಯಾವರ್ಸೈನ್' ಎಂಬ ಹೆಸರನ್ನು 1835ರಲ್ಲಿ ಬಳಕೆಗೆ ತಂದವನು ಜೇಮ್ಸ್ ಇನ್ಮನ್.

ಸೂತ್ರವಿದ್ದರೆ ಸಾಲದು, ಭೂಮಿಯ ಅಳತೆಯೂ ಬೇಕು. ಅದು ಪೂರ್ಣಗೋಳವಲ್ಲ, ಧ್ರುವಗಳಲ್ಲಿ ತುಸು ಚಪ್ಪಟೆ. ಅದರ ನಿಜವಾದ ಆಕಾರವನ್ನು ಅರಿಯುವ ಮಹತ್ಕಾರ್ಯದಲ್ಲಿ ಕನ್ನಡ ನೆಲಕ್ಕೂ ಪಾಲುಂಟು. ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆಯೊಂದನ್ನು ಸರಪಳಿಯಿಂದ ಅಳೆದ. 1802ರಲ್ಲಿ ಮದರಾಸಿನಿಂದ ಮಹಾ ತ್ರಿಕೋನಮಿತಿ ಸರ್ವೇಕ್ಷಣವನ್ನು ಆರಂಭಿಸಿದ. ಆತನ ಬಳಿಕ ಜಾರ್ಜ್ ಎವರೆಸ್ಟ್ ಅದನ್ನು ಮುಂದುವರಿಸಿದ. ಇಂದು ಉಪಗ್ರಹಗಳು ಬಳಸುವ ಮಾನಕದಲ್ಲಿ ಸಮಭಾಜಕದ ತ್ರಿಜ್ಯ 6,378 ಕಿಲೋಮೀಟರು, ಧ್ರುವದ್ದು 6,357. ಇಂಥ ಚಪ್ಪಟೆ ಭೂಮಿಯ ಮೇಲೆ ದೂರವನ್ನು ಮಿಲಿಮೀಟರಿನಷ್ಟು ಸೂಕ್ಷ್ಮವಾಗಿ ಎಣಿಸುವ ಸೂತ್ರವನ್ನು ವಿನ್ಸೆಂಟಿ 1975ರಲ್ಲಿ ಪ್ರಕಟಿಸಿದರು.

ಆದರೂ ಲೆಕ್ಕದ ದಾರಿಯೇ ವಿಮಾನದ ದಾರಿಯಲ್ಲ. ಗಾಳಿಯ ವೇಗ, ವಾಯುಪ್ರದೇಶದ ಅನುಮತಿ ಎಲ್ಲವನ್ನೂ ನೋಡಬೇಕು. ಅತಿ ಕಿರಿದಾದ ಕಂಸ 71 ಡಿಗ್ರಿ ಉತ್ತರದವರೆಗಷ್ಟೇ ಏರುತ್ತದೆ. ಆದರೆ 2021ರ ಜನವರಿ 11ರಂದು ಬೆಂಗಳೂರಿಗೆ ಬಂದಿಳಿದ ಏರ್ ಇಂಡಿಯಾ ವಿಮಾನ, ಕ್ಯಾಪ್ಟನ್ ಜೋಯಾ ಅಗರ್‌ವಾಲರ ನೇತೃತ್ವದ ಮಹಿಳಾ ಪೈಲಟ್‌ಗಳ ಕೈಯಲ್ಲಿ, ಉತ್ತರ ಧ್ರುವದ ಮೇಲೆಯೇ ಹಾದು ಬಂದಿತು.

ಮನೆಯಲ್ಲಿ ಗ್ಲೋಬ್ ಇದ್ದರೆ ಮೊಮ್ಮಕ್ಕಳ ಕೈಗೆ ಒಂದು ದಾರ ಕೊಡಿ. ಎರಡು ಊರುಗಳ ನಡುವೆ ಬಿಗಿಯಾಗಿ ಎಳೆಯಲಿ. ದಾರ ತಾನಾಗಿಯೇ ಉತ್ತರಕ್ಕೆ ಸರಿಯುತ್ತದೆ.